ನಾಲ್ಕನೇ ಜ್ವರ

ಕಳೆದ ತಿಂಗಳು ಚಿಕ್ಕಬಳ್ಳಾಪುರದಿಂದ ಚಿಂತಾಮಣಿಗೆ ಹೊರಟಿದ್ದ ನಮ್ಮ ಬಸ್ಸು ಶಿಡ್ಲಘಟ್ಟದಲ್ಲಿ ಕೆಟ್ಟು ನಿಂತಿತು. ಕಂಡಕ್ಟರು ಟೈರು ಬಿಚ್ಚಿಸಿ ಪಂಕ್ಚರ್ ಅಂಗಡಿಗೆ ಉರುಳಿಸಿಕೊಂಡು ಹೋದ. ಕಾಲಾಡಿಸಲೆಂದು ಹಿಂದಿನ ಗಲ್ಲಿಗೆ ಹೋದೆ. ಹೋದದ್ದೇ ತಡ, ಆ ವಾಸನೆ ಮುಖಕ್ಕೆ ಬಡಿಯಿತು. ರೇಷ್ಮೆಗೂಡನ್ನು ಕುದಿಯುವ ನೀರಿಗೆ ಹಾಕಿ ನೂಲು ಬಿಚ್ಚುವ ಬೀದಿ ಅದು. ಗೂಡಿನೊಳಗಿನ ಹುಳು ಬೆಂದ ವಾಸನೆಗೆ ಹೊಸಬರು ಮೂಗು ಮುಚ್ಚಿಕೊಳ್ಳುತ್ತಾರೆ. ನನಗೆ ಮಾತ್ರ ಅದು ನಾನು ಎಸ್ಸೆಸ್ಸೆಲ್ಸಿ ಓದಿದ ವರ್ಷದ ವಾಸನೆ.

ಗಲ್ಲಿಯ ತುದಿಯ ಟೀ ಅಂಗಡಿಯಲ್ಲಿ ಇಬ್ಬರು ಒಂದೇ ಪೇಪರನ್ನು ಹಾಳೆ ಹಂಚಿಕೊಂಡು ಓದುತ್ತಿದ್ದರು. ಅದರಲ್ಲಿ ಒಂದು ಹುಡುಗಿಯ ಚಿತ್ರ. ಸಂಗೀತ ಸ್ಪರ್ಧೆಯಲ್ಲಿ ಪದಕ ಗೆದ್ದ ಹೊಸ ಗಾಯಕಿ. ಒಬ್ಬರು ಚಿತ್ರ ನೋಡಿ, ಇಂಥವರನ್ನು ಎಷ್ಟು ಕಂಡಿಲ್ಲ, ಇನ್ನೆರಡು ವರ್ಷಕ್ಕೆ ಕೇಳುವವರೇ ಇರುವುದಿಲ್ಲ ಎಂದರು. ಇನ್ನೊಬ್ಬರು ಹೌದೆಂದು ತಲೆಯಾಡಿಸಿದರು. ನನಗೆ ರೇಗಿತು. ಅವರ ಮಾತು ಸುಳ್ಳೆಂದಲ್ಲ. ಅದೇ ಮಾತನ್ನು ನಾನು ವೇದಿಕೆಯ ಮೇಲೆ, ಇದಕ್ಕಿಂತ ಚೆನ್ನಾಗಿ, ಆಧಾರ ಸಮೇತ ಹೇಳಿ ಕಪ್ಪು ಗೆದ್ದವನು. ಆಧಾರವಿಲ್ಲದೆ ಟೀ ಕುಡಿಯುತ್ತ ಹೇಳುವವರನ್ನು ಕಂಡರೆ ಚರ್ಚಾಪಟುಗಳಿಗೆ ಆಗುವ ಸಂಕಟ ಬೇರೆಯವರಿಗೆ ತಿಳಿಯದು.

ಅವರ ಜೊತೆ ವಾದಕ್ಕೆ ಇಳಿಯಲಿಲ್ಲ. ಬಸ್ಸು ಹಾರ್ನ್ ಹಾಕಿತು. ಅವರಿಗೆ ಹೇಳಬೇಕಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಚೀನಾ ಯುದ್ಧಕ್ಕೆ ಹಿಂದಿನ ವರ್ಷ. ನಮ್ಮ ತಂದೆ ಶಾಲೆ ಮೇಷ್ಟ್ರು. ಗೌರಿಬಿದನೂರಿನಿಂದ ಕೆಂಚಾರ್ಲಹಳ್ಳಿಗೆ ವರ್ಗವಾಗಿ ಬಂದಾಗ ಅಕ್ಕಯಮ್ಮ ಎಂಬುವರ ಮನೆಯ ಬೀದಿ ಕಡೆಯ ಎರಡು ಕೋಣೆ ನಮಗೆ ಬಾಡಿಗೆಗೆ ಸಿಕ್ಕವು. ಆ ಮನೆಯ ದೊಡ್ಡ, ತಂಪಾದ, ಗಾಳಿಯಾಡುವ ಅಂಕಣಗಳೆಲ್ಲ ರೇಷ್ಮೆಹುಳುವಿನ ಪಾಲು. ಹುಳು ಬಿಟ್ಟುಕೊಟ್ಟ ಮೂಲೆಯಲ್ಲಿ ಅಕ್ಕಯಮ್ಮ ಮತ್ತು ಅವರ ಒಬ್ಬನೇ ಮಗ ನಾರಾಯಣಸ್ವಾಮಿ. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಹಿಪ್ಪುನೇರಳೆ ತೋಟ, ಹುಳುಮನೆ ಎರಡನ್ನೂ ತಾಯಿ ಮಗ ಇಬ್ಬರೇ ನಡೆಸುತ್ತಿದ್ದರು.

ಹುಳುಮನೆಗೆ ದೇವರ ಮನೆಗಿಂತ ಕಟ್ಟುನಿಟ್ಟಾದ ಮಡಿ. ಕಾಲು ತೊಳೆಯದೆ ಒಳಗೆ ಹೋಗುವಂತಿಲ್ಲ. ಬೀಡಿ, ನಶ್ಯ, ಊದುಬತ್ತಿ ಯಾವುದೂ ಹತ್ತಿರ ಸುಳಿಯುವಂತಿಲ್ಲ. ಒಗ್ಗರಣೆಯ ಘಾಟು ಹುಳುವಿಗೆ ಆಗದೆಂದು ನಮ್ಮಮ್ಮ ಒಲೆಯನ್ನೇ ಹಿತ್ತಿಲಿಗೆ ಹಾಕಿಕೊಂಡಿದ್ದರು. ಎಲ್ಲಕ್ಕಿಂತ ಮುಖ್ಯವಾದ ನಿಯಮ, ಎಣ್ಣೆ ಮುಟ್ಟಿದ ಕೈ ಹುಳು ಮುಟ್ಟಬಾರದು.

ಇಂಥ ಮನೆಯಲ್ಲಿ ನಾರಾಯಣಸ್ವಾಮಿ ಪಿಟೀಲು ನುಡಿಸುತ್ತಿದ್ದ. ಪಿಟೀಲಿನ ತಂತಿಯ ಮೇಲೆ ಬೆರಳು ಜಾರಬೇಕಾದರೆ ಎಡಗೈಗೆ ಎಣ್ಣೆ ಬೇಕು. ಕಮಾನು ಮಾತಾಡಬೇಕಾದರೆ ಅದಕ್ಕೆ ರಾಳ ತಿಕ್ಕಬೇಕು, ಆ ರಾಳದ ಪುಡಿಗೆ ಸಾಂಬ್ರಾಣಿಯಂಥ ವಾಸನೆ. ಒಂದೂ ಹುಳುಮನೆಗೆ ಹೊಂದುವುದಿಲ್ಲ. ಆದ್ದರಿಂದ ಅವನ ಪಿಟೀಲು ತೋಟದ ಬಾವಿ ಪಕ್ಕದ ದನದ ಕೊಟ್ಟಿಗೆಯಲ್ಲಿ, ಗಳುವಿಗೆ ನೇತುಹಾಕಿದ ಪೆಟ್ಟಿಗೆಯಲ್ಲಿ ಇರುತ್ತಿತ್ತು. ಚಿಂತಾಮಣಿಯಲ್ಲಿ ಕಲಿಸುತ್ತಿದ್ದ ಮುದಿ ಪಿಟೀಲು ಮೇಷ್ಟ್ರು ಆ ಪೆಟ್ಟಿಗೆ ತೆರೆದಾಗಲೆಲ್ಲ, ಏನಪ್ಪಾ ನಿನ್ನ ಕಲ್ಯಾಣಿಗೆ ಗಂಜಲದ ವಾಸನೆ ಎನ್ನುತ್ತಿದ್ದರಂತೆ.

ಕೊಟ್ಟಿಗೆಗೆ ಹೋಗಲು ಅವನಿಗೆ ಪುರುಸೊತ್ತು ಸಿಗುತ್ತಿದ್ದದ್ದು ಯಾವಾಗ ಎಂಬುದರಲ್ಲೇ ಈ ಕಥೆಯೆಲ್ಲ ಇದೆ. ಹುಳು ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಬಿಡುವ ಮುಂಚೆ ತಿನ್ನುವುದನ್ನು ನಿಲ್ಲಿಸಿ, ತಲೆ ಎತ್ತಿ, ಅಲ್ಲಾಡದೆ ಕೂತುಬಿಡುತ್ತದೆ. ನಮ್ಮ ಕಡೆ ಇದಕ್ಕೆ ಜ್ವರ ಎನ್ನುತ್ತಾರೆ. ಹುಳು ಜ್ವರಕ್ಕೆ ಕೂತವು, ಜ್ವರದಿಂದ ಎದ್ದವು ಎಂದು ಮಾತು. ಜ್ವರಕ್ಕೆ ಕೂತಾಗ ಸೊಪ್ಪು ಹಾಕಬಾರದು, ಹುಳು ಸಾಕುವ ಬಿದಿರು ತಟ್ಟೆ ಅಲುಗಿಸಬಾರದು. ಮನೆಯವರಿಗೆ ಅದೊಂದೇ ರಜಾ. ಹುಳುವಿಗೆ ಜ್ವರವಾದರೆ ನಾರಾಯಣಸ್ವಾಮಿಗೆ ಪಿಟೀಲಿನ ಸಾಧನೆ. ನಾಲ್ಕನೇ ಜ್ವರದಿಂದ ಎದ್ದ ಮೇಲಂತೂ ಉಸಿರಾಡಲು ಬಿಡುವಿಲ್ಲ. ಹಗಲೂ ರಾತ್ರಿ ತಿನ್ನುತ್ತವೆ. ಆಮೇಲೆ ಒಂದು ದಿನ ಮೈ ಹಣ್ಣಾಗಿ ಹೊಳೆಯುತ್ತವೆ. ಆಗ ಒಂದೊಂದನ್ನೇ ಆರಿಸಿ ಚಂದ್ರಿಕೆಗೆ ಬಿಡಬೇಕು. ಚಂದ್ರಿಕೆ ಎಂದರೆ ಗೂಡು ಕಟ್ಟಲು ಬಿದಿರಿನಲ್ಲಿ ಸುರುಳಿ ಹೆಣೆದ ದೊಡ್ಡ ಚಾಪೆ. ಆರಿಸುವುದು ತಡವಾದರೆ ಹುಳು ಕಸದಲ್ಲೇ ನೂಲು ಸುತ್ತಿಕೊಂಡು ಬೆಳೆಯೆಲ್ಲ ಹಾಳು.

ಆ ವರ್ಷ ಯುಗಾದಿಯ ಆಸುಪಾಸಿನಲ್ಲಿ ನಾರಾಯಣಸ್ವಾಮಿ ಬೆಂಗಳೂರಿನ ಒಂದು ಸಂಗೀತ ಸಭೆಯವರು ಹೊಸಬರಿಗಾಗಿ ನಡೆಸಿದ ಸ್ಪರ್ಧೆಗೆ ಹೋಗಿ ಚಿನ್ನದ ಪದಕ ತಂದ. ಅದೇ ವಾರ ನಾನೂ ಚರ್ಚಾಸ್ಪರ್ಧೆಯೊಂದರಲ್ಲಿ ಕಪ್ಪು ತಂದಿದ್ದೆ. ಚಿಂತಾಮಣಿಯ ಹೈಸ್ಕೂಲಿನಲ್ಲಿ ಇಬ್ಬರನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿ ಹಾರ ಹಾಕಿದರು. ಭಾಷಣಗಳು ಮುಗಿಯುವ ಸೂಚನೆ ಕಾಣಲಿಲ್ಲ. ಪಕ್ಕದಲ್ಲಿದ್ದವನನ್ನು ಮೆಲ್ಲಗೆ, ಮುಂದೇನಪ್ಪಾ ಎಂದು ಕೇಳಿದೆ.

"ಮುಂದೇನು, ಹುಳು ಎರಡನೇ ಜ್ವರ ಎದ್ದವೆ. ಇವ್ರು ಬೇಗ ಬಿಟ್ರೆ ಸೊಪ್ಪು ಕುಯ್ಯಕ್ಕೆ ಹೋಗ್ಬೇಕು" ಎಂದ.

ಪದಕ ಬಂದ ಮೇಲೆ ಅವನಿಗೆ ಕರೆಗಳು ಬಂದವು. ಶಾಲೆ ವಾರ್ಷಿಕೋತ್ಸವ, ಸಹಕಾರ ಸಂಘದ ಕಟ್ಟಡದ ಉದ್ಘಾಟನೆ, ಚಿಕ್ಕಬಳ್ಳಾಪುರದಲ್ಲಿ ಯಾರದೋ ಮದುವೆ, ಗೌರಿಬಿದನೂರಿನಲ್ಲಿ ಇನ್ಯಾರದೋ ನಾಮಕರಣ. ಎಲ್ಲರೂ ಪದಕ ಹಾಕಿಕೊಂಡೇ ಬಾ ಎನ್ನುವವರು. ನಂದಿಯ ಒಂದು ಮದುವೆಗೆ ನಾನೂ ಜೊತೆಗೆ ಹೋಗಿದ್ದೆ. ಮದುವೆಮನೆಯ ಯಜಮಾನರು ಅವನನ್ನು ನೆಂಟರ ಮುಂದೆ ನಿಲ್ಲಿಸಿ ಪದಕವನ್ನು ತಿರುಗಿಸಿ ತಿರುಗಿಸಿ ತೋರಿಸಿದರು. ಚಿನ್ನ ಎಷ್ಟು, ತಾಮ್ರ ಎಷ್ಟು ಎಂದು ಒಬ್ಬರು ಉಗುರಿನಿಂದ ಕೆರೆದು ನೋಡಿದರು. ಅವನು ಆಲಾಪನೆ ಶುರು ಮಾಡಿದಾಗ ಊಟಕ್ಕೆ ಎಲೆ ಹಾಕಿಸಿದರು. ಒಂದು ಸಿನಿಮಾ ಹಾಡು ನುಡಿಸು ಎಂದು ಚೀಟಿ ಬಂತು. ಬರುವಾಗ ಬಸ್ಸಿನಲ್ಲಿ ಅವನು ಪದಕವನ್ನು ಜೇಬಿಗೆ ಹಾಕಿಕೊಂಡು, ಇದು ನನ್ನ ಕರೆಸಿದ್ದೋ ನಾನು ಇದನ್ನ ಹೊತ್ಕೊಂಡು ಹೋಗಿದ್ದೋ ಎಂದು ನಕ್ಕ.

ಆಷಾಢದ ಹೊತ್ತಿಗೆ ನನ್ನ ಸಿದ್ಧಾಂತ ತಯಾರಾಗಿತ್ತು. ಮೊದಲನೇ ಕರೆ ಪದಕಕ್ಕೆ ಬರುತ್ತದೆ, ಎರಡನೇ ಕರೆ ಕಲಾವಿದನಿಗೆ ಬರುತ್ತದೆ. ಕರೆದವರಾರೂ ಅವನನ್ನು ಎರಡನೇ ಸಲ ಕರೆದಿರಲಿಲ್ಲ. ಬಹುಮಾನಗಳಿಂದ ಕಲೆ ಬೆಳೆಯುತ್ತದೆ ಎಂಬ ವಿಷಯದ ಮೇಲೆ ಶಾಲೆಯಲ್ಲಿ ಚರ್ಚೆ ಇಟ್ಟಾಗ ನಾನು ವಿರೋಧವಾಗಿ ಮಾತಾಡಿದೆ. ಹೆಸರು ಹೇಳದೆ, ಆದರೆ ಎಲ್ಲರಿಗೂ ತಿಳಿಯುವ ಹಾಗೆ, ಅವನ ಉದಾಹರಣೆ ಕೊಟ್ಟೆ. ಹೊಸ ಕಲಾವಿದನ ಕೊರಳಿಗೆ ಪದಕ ಹಾಕಿ ನಾವು ನಮ್ಮ ಋಣ ತೀರಿತೆಂದು ಕೈತೊಳೆದುಕೊಳ್ಳುತ್ತೇವೆ, ಅಧ್ಯಕ್ಷರೇ, ಎಂದಾಗ ಚಪ್ಪಾಳೆ ಬಿತ್ತು. ಆ ದಿನ ಅವನು ಪಿಟೀಲು ಪಾಠಕ್ಕೆ ಬಂದವನು ಹಿಂದಿನ ಕಿಟಕಿಯ ಹೊರಗೆ ನಿಂತು ಕೇಳಿಸಿಕೊಂಡಿದ್ದ. ಸಂಜೆ ಬಸ್ಸಿನಲ್ಲಿ ನನ್ನ ಕೈಯಲ್ಲಿದ್ದ ಹೊಸ ಕಪ್ಪನ್ನು ತೆಗೆದುಕೊಂಡು ತೊಡೆಯ ಮೇಲಿಟ್ಟುಕೊಂಡ.

"ಚೆನ್ನಾಗಿ ಮಾತಾಡ್ದೆ ಕಣೋ. ಆದ್ರೆ ಬಹುಮಾನ ಬ್ಯಾಡ ಅಂತ ಮಾತಾಡಿ ಬಹುಮಾನ ತಗೊಂಡ್ಯಲ್ಲ, ಇದಕ್ಕೆ ಎರಡನೇ ಕರೆ ಯಾರು ಕರೀತಾರಪ್ಪ?"

ನನ್ನ ಸಿದ್ಧಾಂತ ಅಕ್ಕಯಮ್ಮನ ಕಿವಿಗೂ ಬಿತ್ತು. ಅವರು ಆಗ ಮರಿಹುಳುವಿಗೆ ಸೊಪ್ಪು ಸಣ್ಣಗೆ ಹೆಚ್ಚುತ್ತಿದ್ದರು. ಪದಕ ಬಂದ ದಿನದಿಂದ ಆ ದೊಡ್ಡ ಕತ್ತಿಯನ್ನು ಮಗನ ಕೈಗೆ ಕೊಟ್ಟಿರಲಿಲ್ಲ. ಬೆರಳು ಕುಯ್ದುಕೊಂಡರೆ ಪಿಟೀಲು ಹಿಡಿಯುವುದು ಹೇಗೆ ಎಂದು. ಹಾಗಾಗಿ ಎರಡು ಜನರ ಹೆಚ್ಚುವ ಕೆಲಸ ಒಬ್ಬರ ಮೈಮೇಲೆ ಬಿದ್ದಿತ್ತು. ನನಗೆ ಅವರು ಇಟ್ಟಿದ್ದ ಹೆಸರು ಲಾಯರಪ್ಪ.

"ಏಮಪ್ಪಾ ಲಾಯರಪ್ಪ, ಎರಡನೇ ಕರೆ ಬರಬೇಕು ಅಂತೀಯಂತೆ. ಸರಿ. ಅದು ಬರೋ ಹಂಗೆ ನಾವೇನು ಮಾಡ್ಬೇಕು, ಹೇಳು."

ವಿರೋಧ ಪಕ್ಷದಲ್ಲಿ ನಿಂತು ಗೆದ್ದವನಿಗೆ ಈ ಪ್ರಶ್ನೆಯನ್ನು ಯಾರೂ ಕೇಳಿರುವುದಿಲ್ಲ. ಗಂಟೆ ಹೊಡೆಯುತ್ತದೆ, ಅವನು ಇಳಿದು ಬರುತ್ತಾನೆ. ಇಲ್ಲಿ ಗಂಟೆ ಹೊಡೆಯುವವರಿಲ್ಲ. ಅಕ್ಕಯಮ್ಮ ಕತ್ತಿ ಹಿಡಿದು ಕಾಯುತ್ತಿದ್ದರು. ಯೋಚಿಸಿ ಹೇಳುತ್ತೇನೆ ಎಂದು ಎದ್ದು ಬಂದೆ.

ದಸರಾ ಆದ ಮೇಲೆ ಬೆಂಗಳೂರಿನ ಆ ಸಭೆಯಿಂದಲೇ ಹೇಳಿಕಳಿಸಿದರು. ಚಿಂತಾಮಣಿಯ ಜವಳಿ ಅಂಗಡಿ ಶೆಟ್ಟರು ಸರಕು ತರಲು ಬೆಂಗಳೂರಿಗೆ ಓಡಾಡುವವರು, ಸಭೆಯ ಕಾರ್ಯದರ್ಶಿಗಳಿಗೆ ಪರಿಚಯ. ಸುಬ್ಬರಾಯರೆಂಬ ಹಿರಿಯ ಗಾಯಕರ ಕಛೇರಿಗೆ ಪಕ್ಕವಾದ್ಯ ಬೇಕು, ಪದಕದ ಹುಡುಗ ಬರುತ್ತಾನೆಯೇ ಎಂದು ಅವರ ಮೂಲಕ ಕೇಳಿಸಿದರು. ಸುಬ್ಬರಾಯರು ಆ ಸ್ಪರ್ಧೆಯ ತೀರ್ಪುಗಾರರಲ್ಲಿ ಒಬ್ಬರು. ಅಂದರೆ ಇದು ಪದಕಕ್ಕೆ ಬಂದ ಕರೆಯಲ್ಲ, ಪಿಟೀಲು ಕೇಳಿ ಬಂದ ಕರೆ. ಆದರೆ ಅವರು ಹೇಳಿದ ದಿನ ಹುಳು ದೊಡ್ಡ ಮೇವಿಗೆ ಬೀಳುವ ವಾರದಲ್ಲಿತ್ತು. ನಾರಾಯಣಸ್ವಾಮಿ ಇಡೀ ದಿನ ಬಾವಿಕಟ್ಟೆಯ ಮೇಲೆ ಕೂತಿದ್ದ. ತಾಯಿಯೊಬ್ಬರನ್ನೇ ಬಿಟ್ಟು ಹೋದರೆ ಬೆಳೆ ಹೋದಂತೆ. ಕೊನೆಗೆ ಶೆಟ್ಟರ ಅಂಗಡಿಗೆ ಹೋಗಿ ಉತ್ತರ ಹೇಳಿ ಬಂದ. ಮನೆಯಲ್ಲಿ ನಾಲ್ಕನೇ ಜ್ವರ, ಎದ್ದ ಮೇಲೂ ವಾರ ಹತ್ತು ದಿನ ಕೈ ಬಿಡುವಂತಿಲ್ಲ, ಆಮೇಲೆ ಯಾವಾಗ ಕರೆದರೂ ಬರುತ್ತೇನೆ, ದಯವಿಟ್ಟು ಮರೆಯಬೇಡಿ.

ಶೆಟ್ಟರು ನಮ್ಮ ಸೀಮೆಯವರು. ಒಂದಕ್ಷರ ಬಿಡದೆ ಬೆಂಗಳೂರಿನಲ್ಲಿ ಹಾಗೇ ಒಪ್ಪಿಸಿದರು.

ಆಮೇಲೆ ಕರೆ ಬರಲಿಲ್ಲ. ಗೂಡು ಬಿಡಿಸಿ ಶಿಡ್ಲಘಟ್ಟಕ್ಕೆ ಹಾಕಿಬಂದರು. ಮುಂದಿನ ಬೆಳೆಗೆ ಮತ್ತೆ ಹೊಸ ಹುಳುಮೊಟ್ಟೆ ತಂದರು. ಕಾರ್ತಿಕ ಕಳೆಯಿತು. ಜಡಿಮಳೆ ಹಿಡಿದು, ಸೊಪ್ಪನ್ನು ಒದ್ದೆ ಆರಿಸಿ ಆರಿಸಿ ಹಾಕುವ ದಿನಗಳು. ಊರಲ್ಲಿ ಪದಕದ ಮಾತೇ ನಿಂತುಹೋಯಿತು. ಗೂಡಿನ ಮಂಡಿಯ ಹತ್ತಿರ ಯಾರೋ, ಏನೋ ಪಿಟೀಲು, ಬೆಂಗಳೂರು ಬೇಡವಾಯ್ತಾ ಎಂದು ಅವನನ್ನು ಕೆಣಕಿದರು. ಅವನು ನಗಲಿಲ್ಲ. ಒಂದು ದಿನ ಪಾಠಕ್ಕೂ ಹೋಗಲಿಲ್ಲ. ಅಕ್ಕಯಮ್ಮ ಆ ದಿನ ನಮ್ಮ ಬಾಗಿಲಿಗೆ ಬಂದು, ಅವನು ಕೊಟ್ಟಿಗೆ ಕಡೆ ಹೋಗಿ ಹುಳುವಿನ ಎರಡು ಜ್ವರ ಕಳೆದವು ಎಂದರು. ಅವರ ಮಾತಿನಲ್ಲಿ ಅದಕ್ಕಿಂತ ದೊಡ್ಡ ದೂರಿರಲಿಲ್ಲ.

ನನ್ನ ಸಿದ್ಧಾಂತ ನಿಜವಾಗುತ್ತಿತ್ತು. ಗೆದ್ದ ಖುಷಿ ಮಾತ್ರ ಎಲ್ಲೂ ಕಾಣಲಿಲ್ಲ.

ಮಾರ್ಗಶಿರದ ಚಳಿಯಲ್ಲಿ, ಮಂಜು ಇನ್ನೂ ಬಿಟ್ಟಿರಲಿಲ್ಲ, ಬಾಡಿಗೆ ಗಾಡಿಯೊಂದು ನಮ್ಮ ಮನೆ ಮುಂದೆ ನಿಂತಿತು. ಮಫ್ಲರು ಸುತ್ತಿಕೊಂಡ ಹಿರಿಯರೊಬ್ಬರು ಇಳಿದರು. ಕೈಯಲ್ಲಿ ಕಿತ್ತಳೆಹಣ್ಣಿನ ಬುಟ್ಟಿ, ಕಾಗದ ಸುತ್ತಿದ ಬ್ರೆಡ್ಡು. ಅವರೇ ಸುಬ್ಬರಾಯರು. ಕೈವಾರಕ್ಕೆ ಬಂದವರು ಹುಡುಗನನ್ನು ನೋಡಿಹೋಗೋಣವೆಂದು ಬಂದಿದ್ದರು. ನಾನು ಜಗುಲಿಯ ಮೇಲೆ ಓದುತ್ತ ಕೂತಿದ್ದೆ. ನಾರಾಯಣಸ್ವಾಮಿ ತೋಟದಲ್ಲಿದ್ದ. ಹಿರಿಯರು ಬಾಗಿಲ ಬಳಿ ಬಂದು ಒಂದು ಚಿಟಿಕೆ ನಶ್ಯ ಏರಿಸಿದ್ದೇ ತಡ, ಒಳಗಿನಿಂದ ಅಕ್ಕಯಮ್ಮ ಓಡಿಬಂದು ಎರಡು ಕೈಯನ್ನೂ ಬಾಗಿಲಿಗೆ ಅಡ್ಡ ಹಿಡಿದರು.

"ಅಲ್ಲೇ ನಿಂತ್ಕಳಿ ಸ್ವಾಮಿ. ಒಳಗೆ ಬರೋಂಗಿಲ್ಲ. ಜ್ವರ ಐತೆ."

ಸುಬ್ಬರಾಯರು ಗಾಬರಿಯಿಂದ ಎರಡು ಹೆಜ್ಜೆ ಹಿಂದೆ ಸರಿದರು. "ಇನ್ನೂ ಬಿಟ್ಟಿಲ್ಲವೇನಮ್ಮಾ? ನಮಗೆ ನಾಲ್ಕನೇ ಜ್ವರ ಅಂತ ಹೇಳಿ ಆಗಲೇ ಎರಡು ತಿಂಗಳಾಯ್ತಲ್ಲ."

"ಆ ನಾಲ್ಕನೇದು ಆವಾಗ್ಲೇ ಹೋಯ್ತು. ಇದು ಹೊಸ ನಾಲ್ಕನೇದು. ನೆನ್ನೆ ಕೂತವೆ, ನಾಳೆ ಬೆಳಿಗ್ಗೆಗೆ ಏಳ್ತವೆ."

"ಏಳ್ತವೆ?" ಅವರು ನನ್ನ ಕಡೆ ನೋಡಿದರು. "ಮನೇಲಿ ಎಷ್ಟು ಜನಕ್ಕಮ್ಮಾ?"

"ಜನಕ್ಕಾ? ತಟ್ಟೆ ತಟ್ಟೇನೂ ಕೂತವೆ ಸ್ವಾಮಿ. ಒಂದೂ ಬಿಟ್ಟಿಲ್ಲ. ಈ ಸಲ ಒಳ್ಳೆ ಜ್ವರ."

ಒಳ್ಳೆ ಜ್ವರ ಎಂಬ ಮಾತಿಗೆ ಆ ಹಿರಿಯರ ಮುಖ ಹೋದ ರೀತಿ ನೆನೆದರೆ ಈಗಲೂ ನಗು ಬರುತ್ತದೆ. ನಾನು ಎದ್ದು ವಿವರಿಸಬೇಕಾಯಿತು. ನಾನು ವಿವರಿಸುತ್ತ, ಅವರು ತಮಗೆ ಬಂದ ಸುದ್ದಿ ಹೇಳುತ್ತ ಹೋದಂತೆ ನನಗೇ ಎಲ್ಲ ನಿಚ್ಚಳವಾಯಿತು. ಬೆಂಗಳೂರಿನವರು ಶೆಟ್ಟರ ಮಾತನ್ನು ಹೇಗೆ ಕೇಳಿಸಿಕೊಂಡಿದ್ದರೆಂದರೆ, ಹುಡುಗನಿಗೆ ಜ್ವರ ಮರುಕಳಿಸುವುದು ಇದು ನಾಲ್ಕನೇ ಸಲ, ಎದ್ದ ಮೇಲೂ ಕೈ ಸ್ವಾಧೀನದಲ್ಲಿಲ್ಲ. ಎದೆಯ ಕಾಯಿಲೆಯೇ ಇರಬೇಕೆಂದು ಕಾರ್ಯದರ್ಶಿಗಳು ತೀರ್ಮಾನಿಸಿ, ಪಾಪ, ಅವನಿಗೆ ಆಯಾಸ ಕೊಡುವುದು ಬೇಡವೆಂದು ಪಟ್ಟಿಯಿಂದ ಬಿಟ್ಟಿದ್ದರು. ಎಲ್ಲ ಕರುಣೆಯಿಂದಲೇ.

ಸುಬ್ಬರಾಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಕ್ಕಯಮ್ಮನ ಅಪ್ಪಣೆಯಂತೆ ನಶ್ಯದ ಡಬ್ಬಿಯನ್ನು ಗಾಡಿಯವನ ಕೈಗೆ ಕೊಟ್ಟು, ಕೈ ಮುಖ ತೊಳೆದು, ಹುಳುಮನೆಯ ಕಿಟಕಿಯಿಂದ ಜ್ವರದಲ್ಲಿ ಕೂತ ಹುಳುಗಳನ್ನು ನೋಡಿದರು. ಸಾವಿರಾರು ತಲೆಗಳು ಒಂದೇ ಕಡೆ ಎತ್ತಿ ನಿಶ್ಶಬ್ದವಾಗಿದ್ದವು. ನಮ್ಮ ಸಭೆಯಲ್ಲಿ ಇಂಥ ಶ್ರೋತೃಗಳು ಸಿಗುವುದಿಲ್ಲ ಎಂದರು.

ಅಷ್ಟರಲ್ಲಿ ನಾರಾಯಣಸ್ವಾಮಿ ಬಂದ. ಜಗುಲಿಯಲ್ಲಿ ಮಾತು ನಡೆಯಿತು. ಹಿರಿಯರೆಂದು ನಾನು ಸುಮ್ಮನಿರಲಿಲ್ಲ. ನೀವು ವರ್ಷಾವರ್ಷ ಪದಕ ಕೊಡುತ್ತೀರಲ್ಲ, ಹಿಂದೆ ಕೊಟ್ಟವರೆಲ್ಲ ಈಗ ಎಲ್ಲಿದ್ದಾರೆ ಎಂದು ಕೇಳಿದೆ. ತಂದೆ ಒಳಗಿನಿಂದ ಕೆಮ್ಮಿದರು, ನಿಲ್ಲಿಸು ಎಂದು. ಸುಬ್ಬರಾಯರು ಬೇಸರಪಟ್ಟುಕೊಳ್ಳದೆ ನೆನಪು ಮಾಡಿಕೊಂಡರು. ಒಬ್ಬ ಬ್ಯಾಂಕಿನಲ್ಲಿ ಗುಮಾಸ್ತ. ಒಬ್ಬಳು ಮದುವೆಯಾಗಿ ಬೊಂಬಾಯಿಗೆ ಹೋದಳು, ಹಾಡುತ್ತಾಳೋ ಇಲ್ಲವೋ ತಿಳಿಯದು. ಇನ್ನೊಬ್ಬ ಒಳ್ಳೆ ಮೃದಂಗದ ಹುಡುಗ, ಈಗ ಮೃದಂಗವನ್ನೇ ಮಾರಿದ್ದಾನಂತೆ. ಅಲ್ಲಿಗೆ ನಿಂತರು. ನನ್ನ ವಾದಕ್ಕೆ ತೀರ್ಪುಗಾರರೇ ಸಾಕ್ಷಿ ಹೇಳಿದ್ದರು.

"ಪದಕ ಕೊಡೋದು ಸುಲಭ ಕಣಯ್ಯಾ" ಎಂದರು. "ತಾರೀಖು ಕೊಡೋದು ಕಷ್ಟ. ಪದಕಕ್ಕೆ ಒಂದು ಸಂಜೆ ಸಾಕು. ತಾರೀಖನ್ನ ಮತ್ತೆ ಮತ್ತೆ ಕೊಡ್ತಾ ಇರಬೇಕು."

ಆಮೇಲೆ ನಾರಾಯಣಸ್ವಾಮಿಗೆ, ಇದನ್ನೆಲ್ಲ ಬಿಟ್ಟು ಬೆಂಗಳೂರಿಗೆ ಬಂದುಬಿಡು, ನಮ್ಮ ಮನೆಯ ಹಿಂದೆ ಕೋಣೆ ಇದೆ, ಕಣ್ಣೆದುರು ಇದ್ದವನಿಗೆ ಕರೆ ಬರುತ್ತದೆ ಎಂದರು. ಅವನು ತಾಯಿಯ ಕಡೆ ನೋಡಲಿಲ್ಲ. ಸೊಪ್ಪಿನ ಹಾಲು ಅಂಟಿದ ಬೆರಳುಗಳನ್ನು ಉಜ್ಜಿಕೊಳ್ಳುತ್ತ, ನುಡಿಸುವುದನ್ನು ಬಿಡುವುದಿಲ್ಲ, ಮನೆಯನ್ನೂ ಬಿಡುವುದಿಲ್ಲ, ಎರಡರಲ್ಲಿ ಒಂದು ಎನ್ನುವುದಾದರೆ ನೀವು ಪದಕ ವಾಪಸ್ ತಗೊಳ್ಳಿ ಎಂದ. ಅಷ್ಟು ಗಟ್ಟಿಯಾಗಿ ಅವನು ಮಾತಾಡಿದ್ದನ್ನು ಅದುವರೆಗೆ ನಾನು ಕೇಳಿರಲಿಲ್ಲ.

ಅಕ್ಕಯಮ್ಮ ಮಾತ್ರ ಇನ್ನೂ ತಾರೀಖಿನಲ್ಲೇ ಇದ್ದರು. ಆಷಾಢದಲ್ಲಿ ನನ್ನನ್ನು ಕೇಳಿದ್ದ ಪ್ರಶ್ನೆಗೆ ಉತ್ತರ ಸಿಕ್ಕಿತ್ತು.

"ಸ್ವಾಮಿ, ನಿಮ್ಮ ತಾರೀಖು ಎಷ್ಟು ಮುಂಚೆ ಹೇಳಬಲ್ಲಿರಿ? ಮೊಟ್ಟೆ ನನ್ನ ಕೈಯಾಗೈತೆ. ಹುಳು ಹೇಳ್ದಂಗೆ ಇವ್ನು ಕೇಳ್ತಾ ಇದ್ದ, ಅಲ್ವಾ? ಇನ್ಮೇಲೆ ಇವ್ನ ಕಛೇರಿ ನೋಡ್ಕೊಂಡು ನಾನು ಮೊಟ್ಟೆ ತರ್ತೀನಿ. ನೀವು ದಿನ ಹೇಳ್ರಿ, ಆ ದಿನ ನನ್ನ ಮನೇಲಿ ಒಂದು ಹುಳೂ ಹಸಿದಿರಲ್ಲ."

ಸುಬ್ಬರಾಯರು ರಾಮನವಮಿಯ ಚಪ್ಪರದ ಕಛೇರಿಗಳಲ್ಲಿ ತಮ್ಮದೊಂದು ಇದೆ ಎಂದು ದಿನ ಹೇಳಿದರು. ಕಿತ್ತಳೆ, ಬ್ರೆಡ್ಡು ನಮಗೇ ಉಳಿದವು.

ಆ ಚಳಿಗಾಲ, ಆ ಮಾಘ, ಫಾಲ್ಗುಣ ಆ ಮನೆಯಲ್ಲಿ ಎಲ್ಲ ಕೆಲಸಕ್ಕೂ ಒಂದು ಗುರಿ ಬಂದಿತ್ತು. ನಾರಾಯಣಸ್ವಾಮಿ ಒಂದು ಜ್ವರವನ್ನೂ ತಪ್ಪಿಸಲಿಲ್ಲ. ಹುಳು ತಲೆ ಎತ್ತಿ ಕೂತವೆಂದರೆ ಅವನು ಕೊಟ್ಟಿಗೆಗೆ ನಡೆದ. ನಾನು ಬಾವಿಯ ಆ ಕಡೆ ಹೊಂಗೆ ಮರದ ಕೆಳಗೆ ಬೀಜಗಣಿತ ಮಾಡುತ್ತಿದ್ದೆ. ಅವನು ಕೃತಿಯ ಸಾಲೊಂದರ ಒಂದೇ ಸಂಗತಿಯನ್ನು, ಸ್ವರದಿಂದ ಸ್ವರಕ್ಕೆ ಒಂದೇ ಜಾರನ್ನು, ಸೂರ್ಯ ನೆತ್ತಿಗೆ ಬಂದು ಇಳಿಯುವ ತನಕ ತಿದ್ದುತ್ತಿದ್ದ. ಸಂಗೀತ ನನಗೆ ಅಷ್ಟಾಗಿ ತಿಳಿಯದು. ಆದರೆ ಒಂದು ವಾಕ್ಯವನ್ನು ಸರಿಯಾಗುವ ತನಕ ಹೇಳಿ ಹೇಳಿ ನೋಡುವುದು ಏನೆಂದು ತಿಳಿದಿತ್ತು. ಚರ್ಚೆಗೆ ನಾನು ಮಾಡುತ್ತಿದ್ದದ್ದೂ ಅದೇ. ವ್ಯತ್ಯಾಸ ಇಷ್ಟೇ, ನನಗೆ ಎದುರಾಳಿ ಇದ್ದ. ಅವನಿಗೆ ಇರಲಿಲ್ಲ.

ಅಕ್ಕಯಮ್ಮ ರಾಮನವಮಿಯ ಕಛೇರಿಯಿಂದ ಹಿಂದಕ್ಕೆ ಬೆರಳ ಗೆಣ್ಣು ಎಣಿಸಿ ಮೊಟ್ಟೆ ತಂದರು. ಕಛೇರಿಗೆ ಮುಂಚೆಯೇ ಹುಳು ಗೂಡು ಕಟ್ಟಿ ಮುಗಿಯಬೇಕು ಎಂಬುದು ಅವರ ಲೆಕ್ಕ. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ನಾಲ್ಕನೇ ಜ್ವರ ಎದ್ದ ಮಾರನೇ ದಿನ ನಂದಿಬೆಟ್ಟದ ಕಡೆಯಿಂದ ಮೋಡ ಕವಿಯಿತು. ಮಾವಿನ ಹೀಚು ಉದುರಿಸುವ ಮಳೆ, ಆಲಿಕಲ್ಲು ಬೇರೆ. ಸೊಪ್ಪೆಲ್ಲ ನೆನೆಯಿತು. ಒಲೆಯ ಕೆಂಡದ ಮೇಲೆ ಕೈ ಆಡಿಸಿ ಎಲೆ ಆರಿಸಿ ಹಾಕಿದರೂ ಥಂಡಿಗೆ ಹುಳು ಮಂಕಾಗಿ ತಿನ್ನುವುದು ನಿಧಾನವಾಯಿತು. ಹಣ್ಣಾಗಬೇಕಾದ ದಿನ ಹಣ್ಣಾಗಲಿಲ್ಲ. ಮಾರನೇ ದಿನವೂ ಇಲ್ಲ. ಅಕ್ಕಯಮ್ಮ ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿ ವಾಪಸ್ ಇಡುತ್ತಿದ್ದರು. ಯಾರೂ ಬಾಯಿಬಿಟ್ಟು ಹೇಳದಿದ್ದರೂ ಎಲ್ಲರಿಗೂ ಕಾಣುತ್ತಿತ್ತು, ಅವು ಯಾವ ದಿನಕ್ಕೆ ಹಣ್ಣಾಗಲಿವೆ ಎಂದು.

ಕಛೇರಿಯ ದಿನ ಬೆಳಕು ಹರಿಯುವಾಗ ಹುಳುಮನೆಯೆಲ್ಲ ಹಳದಿಯಾಗಿ ಹೊಳೆಯುತ್ತಿತ್ತು. ಎಲ್ಲ ತಟ್ಟೆಯೂ ಒಟ್ಟಿಗೇ ಹಣ್ಣಾಗಿತ್ತು.

ನನ್ನ ಪರೀಕ್ಷೆ ಮುಗಿದಿತ್ತು. ಅವನ ಜೊತೆ ಬೆಂಗಳೂರಿಗೆ ಹೋಗಿ ಮುಂದಿನ ಸಾಲಿನಲ್ಲಿ ಕೂರುವುದೆಂದು ಮಾತಾಗಿತ್ತು, ಇಸ್ತ್ರಿ ಅಂಗಿ ಹಾಕಿಕೊಂಡು ಹೊರಗೆ ಬಂದೆ. ನಾರಾಯಣಸ್ವಾಮಿ ಬಗ್ಗಿ ಹುಳು ಆರಿಸುತ್ತಿದ್ದ. ಆರಿಸಿ, ಚಂದ್ರಿಕೆಗೆ ಬಿಟ್ಟು, ಮತ್ತೆ ಆರಿಸಿ. ಬಸ್ಸಿನ ಹೊತ್ತಾಗುತ್ತಿತ್ತು, ಅವನು ತಲೆ ಎತ್ತುತ್ತಿರಲಿಲ್ಲ. ನೋಡಿದರೆ ತಿಳಿಯುತ್ತಿತ್ತು, ಅವನು ನಿರ್ಧಾರ ಮಾಡಿಬಿಟ್ಟಿದ್ದಾನೆ. ಈ ಸಲವೂ ಶೆಟ್ಟರ ಅಂಗಡಿಗೆ ಮಾತು ಹೋಗುತ್ತದೆ. ಒಮ್ಮೆ ತಪ್ಪಿದರೆ ಜ್ವರ ಎನ್ನುತ್ತಾರೆ. ಎರಡನೇ ಸಲ ತಪ್ಪಿದವನಿಗೆ ಯಾರೂ ಕಿತ್ತಳೆಹಣ್ಣು ತರುವುದಿಲ್ಲ.

ಅಕ್ಕಯಮ್ಮ ಒಳಗೆ ಹೋಗಿ ಎಣ್ಣೆ ಗಿಂಡಿ ತಂದರು. ಆ ಮನೆಯಲ್ಲಿ ಹುಳು ಹಣ್ಣಾದ ದಿನ ಎಣ್ಣೆ ಗಿಂಡಿ ಹೊರಗೆ ಬರುವುದೆಂದರೆ ಊಹಿಸಲಾಗದ ಮಾತು. ಹೊಸ್ತಿಲಾಚೆ ನಿಂತು ಮಗನನ್ನು ಕರೆದರು. ಏನೋ ಎಂದು ಅವನು ಬಂದ. ಅವನ ಎಡಗೈಯನ್ನು ಹಿಡಿದುಕೊಂಡು, ನೀರು ಸುರಿದು ತೊಳೆದು, ಸೆರಗಿನಲ್ಲಿ ಒರೆಸಿ, ಅವನು ಕಿತ್ತುಕೊಳ್ಳುವ ಮುಂಚೆಯೇ ನಾಲ್ಕೂ ಬೆರಳಿಗೆ ಎಣ್ಣೆ ಸವರಿಬಿಟ್ಟರು.

"ಅವ್ವಾ, ಏನ್ ಮಾಡ್ದೆ?"

"ಎಣ್ಣೆ ಕೈ ಹುಳುಮನೆಗಿಲ್ಲ. ಇನ್ನು ನೀನು ಇಲ್ಲಿದ್ದು ಏನೂ ಪ್ರಯೋಜನ ಇಲ್ಲ. ನಡಿ, ಬಸ್ಸು ಹೋಗ್ತದೆ."

ಅವನು ಆ ಕೈಯನ್ನು ಮೈಯಿಂದ ದೂರ ಹಿಡಿದುಕೊಂಡು, ಬೇರೆ ಯಾರದೋ ಕೈಯೆಂಬಂತೆ ನೋಡುತ್ತ ನಿಂತ. ಆಮೇಲೆ ಕೊಟ್ಟಿಗೆಯಿಂದ ಪೆಟ್ಟಿಗೆ ತೆಗೆದುಕೊಂಡು ಹೊರಟ. ನಾನು ಅವನ ಹಿಂದೆ ನಾಲ್ಕು ಹೆಜ್ಜೆ ಹಾಕಿದವನು ತಿರುಗಿ ನೋಡಿದೆ. ಅಕ್ಕಯಮ್ಮ ತಮ್ಮ ಕೈಗೆ ಸೀಗೆಪುಡಿ ಹಾಕಿ ಉಜ್ಜುತ್ತಿದ್ದರು, ಉಜ್ಜಿ ಮೂಸಿ ನೋಡಿ ಮತ್ತೆ ಉಜ್ಜುತ್ತಿದ್ದರು. ಅಷ್ಟು ಹುಳುವಿಗೆ ಅವರೊಬ್ಬರೇ. ನಾನು ಇಸ್ತ್ರಿ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ ಕಾಲು ತೊಳೆದುಕೊಂಡೆ. ತಂದೆ ಶಾಲೆಯಿಂದ ಬೇಗ ಬಂದು ಪಂಚೆ ಎತ್ತಿಕಟ್ಟಿದರು. ಅಮ್ಮ ಒಲೆ ಆರಿಸಿ ಬಂದರು. ಲಾಯರಪ್ಪ, ಹುಳುವಿನ ಹತ್ತಿರ ವಾದ ಮಾಡಬೇಡ, ಮೆತ್ತಗೆ ಹಿಡಿ ಎಂದು ಅಕ್ಕಯಮ್ಮ ನನಗೆ ಕಲಿಸಿದರು. ಅಂಗೈಯಲ್ಲಿ ಹಣ್ಣುಹುಳು ತಣ್ಣಗೆ, ಮುದ್ದೆಗಟ್ಟಿದ ನೀರಿನಂತೆ ಇರುತ್ತದೆ. ತಿನ್ನುವುದನ್ನು ನಿಲ್ಲಿಸಿರುವುದರಿಂದ ಮನೆಯಲ್ಲಿ ಸದ್ದೇ ಇರಲಿಲ್ಲ. ಅವನು ನುಡಿಸುತ್ತಿದ್ದ ಹೊತ್ತಿನಲ್ಲಿ ನಾವು ಬಾಯಿ ಮುಚ್ಚಿಕೊಂಡು ಹುಳು ಆರಿಸುತ್ತಿದ್ದೆವು. ಆ ಕಛೇರಿಯನ್ನು ನಾನು ಕೇಳಲಿಲ್ಲ.

ಮುಂದಿನದನ್ನು ಇಲ್ಲೇ ಹೇಳಿಬಿಡುತ್ತೇನೆ, ಟೀ ಅಂಗಡಿಯವರಿಗೆ ಆಧಾರ ಬೇಕಲ್ಲ. ಅದಾಗಿ ಆರು ವರ್ಷ ಕಳೆದಿದೆ. ನಾನು ನಿಜವಾಗಿಯೂ ಲಾ ಓದುತ್ತಿದ್ದೇನೆ. ನಾರಾಯಣಸ್ವಾಮಿ ಇನ್ನೂ ಕೆಂಚಾರ್ಲಹಳ್ಳಿಯಲ್ಲೇ ಇದ್ದಾನೆ, ಇನ್ನೂ ನುಡಿಸುತ್ತಾನೆ. ದೊಡ್ಡ ಹೆಸರೇನಲ್ಲ. ಪೇಪರಿನಲ್ಲಿ ಅವನ ಚಿತ್ರ ಮತ್ತೆ ಬರಲಿಲ್ಲ. ಪಕ್ಕವಾದ್ಯಕ್ಕೆ ಬೇಕೆಂದು ಗಾಯಕರೇ ಅವನ ದಿನ ಕೇಳಿಕೊಂಡು ತಮ್ಮ ದಿನ ಗೊತ್ತುಮಾಡುತ್ತಾರೆ. ಪದಕ ಎಲ್ಲಿದೆಯೆಂದು ಕೇಳಿದರೆ ಅವನು ನೆನಪಿಸಿಕೊಳ್ಳಬೇಕಾಗುತ್ತದೆ. ಹೊಸ ಕಲಾವಿದರನ್ನು ಪ್ರಶಸ್ತಿ ಉಳಿಸುವುದಿಲ್ಲ ಎಂಬ ನನ್ನ ವಾದವನ್ನು ನಾನು ಹಿಂತೆಗೆದುಕೊಂಡಿಲ್ಲ, ಒಂದು ವಾಕ್ಯ ಸೇರಿಸಿದ್ದೇನೆ, ಅಷ್ಟೆ. ಆ ಪೇಪರಿನ ಹುಡುಗಿ ಎರಡು ವರ್ಷ ಬಾಳುತ್ತಾಳೋ ಇಪ್ಪತ್ತು ವರ್ಷವೋ ಎಂದು ನನ್ನನ್ನು ಕೇಳಿದರೆ, ಅವಳ ಪದಕದ ಬಗ್ಗೆ ನಾನು ವಿಚಾರಿಸುವುದಿಲ್ಲ. ಅವಳ ಮನೆಯಲ್ಲಿ ಮೊಟ್ಟೆ ತರುವವರು ಯಾರು ಎಂದು ವಿಚಾರಿಸುತ್ತೇನೆ.

ಕಛೇರಿಯ ಮಾರನೇ ದಿನ ಬೆಳಗಿನ ಬಸ್ಸಿಗೆ ನಾರಾಯಣಸ್ವಾಮಿ ಬಂದ. ಚಂದ್ರಿಕೆಗಳನ್ನು ಅಂಗಳದಲ್ಲಿ ಎಳೆಬಿಸಿಲಿಗೆ ಒರಗಿಸಿದ್ದೆವು. ಹುಳುಗಳು ತಮ್ಮ ಸುತ್ತ ಮಂಜಿನಂಥ ತೆಳು ಪರದೆ ಎಳೆದುಕೊಳ್ಳುತ್ತಿದ್ದವು, ಒಳಗೆ ತಲೆ ಆಡಿಸುವುದು ಇನ್ನೂ ಕಾಣುತ್ತಿತ್ತು. ಅವನು ಬೇಲಿಯ ಹತ್ತಿರವೇ ನಿಂತ. ಎಡಗೈಯಲ್ಲಿ ಇನ್ನೂ ಎಣ್ಣೆಯ ಜಿಡ್ಡಿತ್ತು, ಅದನ್ನು ಬೆನ್ನ ಹಿಂದೆ ಇಟ್ಟುಕೊಂಡು ಒಂದೊಂದೇ ಚಂದ್ರಿಕೆಯನ್ನು ಕಣ್ಣಲ್ಲೇ ನೋಡಿ ಮುಗಿಸಿದ. ಕಛೇರಿ ಹೇಗಾಯ್ತೋ ಎಂದು ಕೇಳಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವನು ತಾಯಿಯ ಕಡೆ ತಿರುಗಿದ.

"ಮತ್ತೆ ಕರೆದವ್ರೆ ಕಣವ್ವಾ" ಎಂದ.

ಎರಡು ದಿನದಿಂದ ಕಣ್ಣು ಮುಚ್ಚದಿದ್ದ ಅಕ್ಕಯಮ್ಮ ಗೋಡೆಗೆ ಒರಗಿ ಕೂತಿದ್ದರು. ನೆಟ್ಟಗೆ ಕೂತರು. ಬಲಗೈಯ ಹೆಬ್ಬೆರಳನ್ನು ಕಿರುಬೆರಳಿನ ಮೊದಲ ಗೆಣ್ಣಿನ ಮೇಲೆ ಇಟ್ಟುಕೊಂಡರು.

"ಯಾವತ್ತು?" ಎಂದರು.